ಎಡಗಡೆಯ ಸೀಟು

ನಕ್ಷೆಯಲ್ಲಿ ನೋಡಿದರೆ ಎರಡು ಊರುಗಳ ನಡುವೆ ಒಂದು ಗೇಣೂ ಇರಲಿಲ್ಲ. ಹೆಬ್ಬೆರಳನ್ನು ಈ ಊರಿನ ಮೇಲಿಟ್ಟು ಕಿರುಬೆರಳು ಚಾಚಿದರೆ ಆ ಊರನ್ನು ದಾಟಿ ಮುಂದೆ ಹೋಗುತ್ತಿತ್ತು. ಲೆಕ್ಕಕ್ಕೆ ನೂರ ಹದಿನೆಂಟು ಕಿಲೋಮೀಟರು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ, ಹೊತ್ತು ಮುಳುಗುವ ಮೊದಲು ಮನೆಗೆ ಬಂದು ಕಾಲು ಚಾಚಿ ಕೂರುವ ದೂರ. ಅಷ್ಟಕ್ಕೆ ಅವನು ಸೋಮವಾರದಿಂದ ಈಚೆಗೆ ನಾಲ್ಕು ಹಾಳೆ ಬರೆದು ಹರಿದುಹಾಕಿದ್ದ. ಐದನೆಯದು ಈಗ, ಶುಕ್ರವಾರ, ಡ್ರೈವಿಂಗ್ ಸ್ಕೂಲಿನ ಮೇಜಿನ ಮೇಲಿತ್ತು, ಹಳೆಯ ಅರ್ಜಿ ನಮೂನೆಯೊಂದರ ಹಿಂಬದಿಯಲ್ಲಿ. ಆರು ನಲವತ್ತಕ್ಕೆ ಮನೆ ಬಿಡುವುದು. ನಾಲ್ಕನೇ ಕಿಲೋಮೀಟರಿನಲ್ಲಿ ಬಣ್ಣ ಬಳಿಯದ ಉಬ್ಬು, ಎರಡನೇ ಗೇರು. ಹನ್ನೊಂದರಲ್ಲಿ ಶಾಲೆ, ಮಕ್ಕಳು ಅಡ್ಡ ಬರಬಹುದು. ಐವತ್ತೆರಡರಲ್ಲಿ ಕಿರಿದಾದ ಸೇತುವೆ, ಎದುರಿನವರಿಗೆ ದಾರಿ ಬಿಡುವುದು. ಎಲ್ಲವನ್ನೂ ದುಂಡಗೆ ಬರೆದಿದ್ದ. ಹತ್ತೊಂಬತ್ತನೇ ಕಿಲೋಮೀಟರಿನ ಮುಂದೆ ಮಾತ್ರ ಸಂಖ್ಯೆ ಹಾಕಿ, ಎರಡು ಬೆರಳಗಲ ಜಾಗ ಖಾಲಿ ಬಿಟ್ಟಿದ್ದ. ರಿಂಗ್ ರೋಡು ಹೋಗಿ ಹೆದ್ದಾರಿಗೆ ಸೇರುವ ಜಾಗ ಅದು.

ಇಪ್ಪತ್ತೆರಡು ವರ್ಷ ಅವನು ಕಾರಿನ ಎಡಗಡೆಯ ಸೀಟಿನಲ್ಲಿ ಕೂತು ಹೊಟ್ಟೆ ಹೊರೆದವನು. ಕಲಿಯಲು ಬಂದವರೆಲ್ಲ ಮೇಷ್ಟ್ರು ಎನ್ನುತ್ತಿದ್ದರು. ಕಲಿತು ಹೋದವರೂ ರಸ್ತೆಯಲ್ಲಿ ಕಂಡರೆ ಮೇಷ್ಟ್ರೇ ಎಂದು ಕೈ ಎತ್ತುತ್ತಿದ್ದರು. ಆ ಕಾರಿನಲ್ಲಿ ಸ್ಟಿಯರಿಂಗು ಬಲಗಡೆ ಒಂದೇ, ಬ್ರೇಕು ಮಾತ್ರ ಎರಡು ಕಡೆ. ಅವನ ಪಾದದ ಕೆಳಗಿನ ಪೆಡಲಿನಿಂದ ಒಂದು ಕಬ್ಬಿಣದ ಸಲಾಕೆ ಹೋಗಿ ಕಲಿಯುವವರ ಪೆಡಲಿಗೆ ಸೇರುತ್ತಿತ್ತು. ಅವನು ಒತ್ತಿದರೆ ಅವರದೂ ತಾನಾಗಿ ಕೆಳಗಿಳಿಯಬೇಕು. ಹೊಸಬರಿಗೆ ಅದು ಗೊತ್ತಾಗುವುದಿಲ್ಲ. ಕಾರು ನಿಂತಾಗ ನಾವೇ ನಿಲ್ಲಿಸಿದೆವು ಎಂದುಕೊಂಡು ಬೆವರು ಒರೆಸಿಕೊಳ್ಳುತ್ತಾರೆ. ಆ ಭ್ರಮೆಯನ್ನು ಅವನು ಒಡೆಯಲು ಹೋಗುತ್ತಿರಲಿಲ್ಲ, ಧೈರ್ಯ ಬರಲಿ ಎಂದು. ಹೀಗೆ ಇನ್ನೊಬ್ಬರ ಹೆಸರಿನಲ್ಲಿ ಬ್ರೇಕು ಹಾಕುವುದೇ ಅವನ ಕಸುಬು. ಅವನ ಬಲಗಾಲು ಅದಕ್ಕೆ ಎಷ್ಟು ಒಗ್ಗಿತ್ತೆಂದರೆ ಊಟದ ಮೇಜಿನ ಕೆಳಗೂ ಸುಮ್ಮನಿರುತ್ತಿರಲಿಲ್ಲ. ಸಿನಿಮಾದಲ್ಲಿ ಗಾಡಿ ಜೋರಾಗಿ ಓಡಿದರೆ ಮುಂದಿನ ಸಾಲಿನವರು ತಿರುಗಿ ನೋಡುವಂತೆ ಒದೆಯುತ್ತಿತ್ತು.

ಪ್ರಯಾಣದ ಮಾತು ಎತ್ತಿದವಳು ಹೆಂಡತಿ. ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಕೆಲಸಕ್ಕೆ ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ, ಶನಿವಾರ ತಂಗಿಯ ಮನೆಗೆ ಹೋಗಿ ಬರೋಣ, ಕಾರು ನಾನೇ ಓಡಿಸುತ್ತೇನೆ ಎಂದಿದ್ದಳು. ಪುಸ್ತಕ ತಡವಾಗಿ ತಂದವರಿಗೆ ಹೇಳುವಷ್ಟೇ ಮೆಲ್ಲಗೆ. ಅವಳಿಗೆ ಲೈಸೆನ್ಸು ಬಂದು ಎರಡು ತಿಂಗಳಾಗಿತ್ತು. ಕಲಿತದ್ದು ಅವನ ಹತ್ತಿರ ಅಲ್ಲ, ಎದುರು ರಸ್ತೆಯ ಬೇರೆ ಸ್ಕೂಲಿನಲ್ಲಿ, ಅವನಿಗೆ ಹೇಳದೆ ಸೇರಿಕೊಂಡು. ಸುದ್ದಿ ತಿಳಿದ ದಿನ ಅವನ ಸ್ಕೂಲಿನ ಯಜಮಾನರು ಹಿತ್ತಲ ಗಿಡ ಮದ್ದಲ್ಲ ಬಿಡಿ ಮೇಷ್ಟ್ರೇ ಎಂದು ನಕ್ಕಿದ್ದರು, ಅವನೂ ನಕ್ಕಿದ್ದ. ನಕ್ಕದ್ದಕ್ಕೆ ದವಡೆ ನೋಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಒಂದೇ ಒಂದು ದಿನ ಅವನು ಅವಳಿಗೆ ಕಲಿಸಿದ್ದ. ಅವಳು ಮೂರನೇ ಸಲ ಗಾಡಿ ಆಫ್ ಮಾಡಿದಾಗ, ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹತ್ತಾರು ಜನರ ಎದುರು, ಇಳಿ ಎಂದಿದ್ದ. ಅವಳು ಇಳಿದಳು. ಇಳಿದು ಬಸ್ಸಿನಲ್ಲೇ ಮನೆಗೆ ಬಂದಳು. ಅವತ್ತಿನಿಂದ ಅದರ ಮಾತನ್ನು ಇಬ್ಬರೂ ಆಡಿರಲಿಲ್ಲ.

ಆದರೂ ಸೋಮವಾರ ಅವನಿಗೆ ಭಯವಾಗಿರಲಿಲ್ಲ, ಸ್ವಲ್ಪ ಮುಜುಗರ ಅಷ್ಟೆ. ಭಯ ಶುರುವಾದದ್ದು ಬುಧವಾರ. ಬಟ್ಟೆ ಮಡಚುತ್ತಾ ಅವಳು, ನಿಮ್ಮ ಹತ್ತಿರ ಕಲಿಯುತ್ತಿದ್ದ ಟೇಲರಮ್ಮನಿಗೂ ಶನಿವಾರ ಹನ್ನೊಂದಕ್ಕೆ ಆ ಊರಿನ ಮೂಳೆ ಡಾಕ್ಟರ ಹತ್ತಿರ ಹೋಗಬೇಕಂತೆ, ನಮ್ಮ ಜೊತೆಗೇ ಬನ್ನಿ ಎಂದಿದ್ದೇನೆ ಅಂದಳು. ಅವನು ಆಗಲಿ ಎಂದ. ಎಂದು ಬಚ್ಚಲಿಗೆ ಹೋಗಿ, ಮುಖ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತ.

"ಮೇಷ್ಟ್ರೇ, ಕ್ಲಚ್ ಬಿಡ್ಲಾ?" ಎಂದು ಪಕ್ಕದಲ್ಲಿ ಕೂತವರು ಕೇಳಿದರು. ಬ್ಯಾಂಕಿನ ಗುಮಾಸ್ತರು, ಒಂಬತ್ತನೇ ಪಾಠ. ಅವನು ಹಾಳೆಯನ್ನು ಜೇಬಿಗೆ ಸೇರಿಸಿ ಕಾರಿಗೆ ಬಂದು ಕೂತು ಎಷ್ಟು ಹೊತ್ತಾಯಿತೋ, ಸಿಗ್ನಲ್ಲಿನಲ್ಲಿ ಹಸಿರು ಬಿದ್ದಿತ್ತು, ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ಬಿಡಿ, ನಿಧಾನಕ್ಕೆ ಬಿಡಿ ಎಂದ. ಗುಮಾಸ್ತರ ಬಲಗಾಲು ಬ್ರೇಕಿನ ಮೇಲಿಂದ ಎದ್ದು ಆಚೆ ಹೋಯಿತು. ಅವನ ಕಣ್ಣು ರಸ್ತೆ ಬಿಟ್ಟು ಆ ಕಾಲನ್ನೇ ನೋಡುತ್ತಿತ್ತು. ಅನುಮಾನ ಬಂದರೆ ಕಾಲನ್ನು ಬ್ರೇಕಿನ ಮೇಲೆ ತಂದಿಡಿ, ಒತ್ತಬೇಡಿ, ಸುಮ್ಮನೆ ಇಟ್ಟುಕೊಂಡಿರಿ. ಇದು ಅವನು ಎಲ್ಲರಿಗೂ ಹೇಳಿಕೊಡುವ ಮೊದಲ ಪಾಠ. ಟೇಲರಮ್ಮನೂ ಹಾಗೇ ಇಟ್ಟಿದ್ದಳು. ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುತ್ತಿದ್ದವಳು, ಗಂಟುಗಳನ್ನು ಆಟೋದಲ್ಲಿ ಹೇರಿ ಸಾಕಾಗಿ, ಐವತ್ತನೇ ವಯಸ್ಸಿಗೆ ಡ್ರೈವಿಂಗು ಕಲಿಯಲು ಬಂದವಳು. ಅವನ ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಹದವಾದ ಕಾಲು ಇನ್ನೊಂದು ಸಿಕ್ಕಿರಲಿಲ್ಲ. ಮೂವತ್ತು ವರ್ಷ ಹೊಲಿಗೆ ಮಿಷನ್ನಿನ ಪೆಡಲು ತುಳಿದ ಕಾಲು ಅದು, ಎಷ್ಟು ಒತ್ತಿದರೆ ಎಷ್ಟು ಓಡುತ್ತದೆ ಎಂದು ಅದಕ್ಕೇ ಗೊತ್ತಿತ್ತು. ಆರು ತಿಂಗಳ ಹಿಂದೆ, ಹತ್ತೊಂಬತ್ತನೇ ಕಿಲೋಮೀಟರಿನಲ್ಲಿ, ಹೆದ್ದಾರಿಗೆ ಸೇರುವಾಗ ಅವಳು ಕನ್ನಡಿ ನೋಡಿದಳು. ಹಿಂದೆ ಒಂದು ಲಾರಿ ಬರುತ್ತಿತ್ತು. ಅದರ ಡ್ರೈವರು ದೀಪ ಮಿನುಗಿಸಿ, ನೀವು ಹೋಗಿ ಎಂದು ದಾರಿಯನ್ನೂ ಬಿಟ್ಟಿದ್ದ. ಅವಳು ಒಂದು ಕ್ಷಣ ಕಾಲನ್ನು ಬ್ರೇಕಿನ ಮೇಲೆ ತಂದಿಟ್ಟಳು, ಹೇಳಿಕೊಟ್ಟ ಹಾಗೆ. ಹಾಗೇ ಬಿಟ್ಟಿದ್ದರೆ ಮರುಕ್ಷಣ ಕಾಲು ತೆಗೆದು ಮುಂದೆ ಹೋಗುತ್ತಿದ್ದಳು. ಕನ್ನಡಿ ತುಂಬ ಲಾರಿ ಕಂಡು ಎದೆ ಝಲ್ಲೆಂದದ್ದು ಅವನಿಗೆ. ಮೇಷ್ಟ್ರಿಗೆ. ಒದ್ದದ್ದು ಅವನು.

ಲಾರಿ ಹಿಂದಿನಿಂದ ಗುದ್ದಿದಾಗ ಸ್ಟಿಯರಿಂಗು ತಿರುಗಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಬಂದ ಪೊಲೀಸಿನವನು ಬ್ರೇಕು ಹಾಕಿದ್ದು ಯಾರು ಎಂದು ಕೇಳಿದ. ಅವನು ಬಾಯಿ ತೆರೆದದ್ದು ನಿಜ. ಏನು ಹೇಳಲು ತೆರೆದಿದ್ದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ. ಒಂದೊಂದು ದಿನ ಒಂದೊಂದು ಉತ್ತರ ಬರುತ್ತಿತ್ತು. ಅಷ್ಟರಲ್ಲಿ ರಸ್ತೆ ಬದಿಯ ಕಲ್ಲಿನ ಮೇಲೆ ಕೈ ಹಿಡಿದುಕೊಂಡು ಕೂತಿದ್ದ ಅವಳು, "ನಾನೇ ಹಾಕ್ದೆ ಅನ್ಸುತ್ತೆ ಸಾರ್, ಕಾಲು ಕೆಳಗೆ ಹೋಗಿತ್ತು" ಎಂದಳು. ಅವನು ತೆರೆದ ಬಾಯಿ ಮುಚ್ಚಿದ. ಅಷ್ಟೇ. ಸುಳ್ಳನ್ನೇನೂ ಹೇಳಲಿಲ್ಲ ಎಂದು ಅವತ್ತು ಸಂಜೆಯವರೆಗೆ ಸಮಾಧಾನ ಮಾಡಿಕೊಂಡಿದ್ದ. ಮಾರನೇ ದಿನ ಯಜಮಾನರು ಕೊಟ್ಟ ಕಾಗದದಲ್ಲಿ ಅದನ್ನೂ ಬರೆದ: ಕಲಿಯುವವರು ಗಾಬರಿಯಿಂದ ಬ್ರೇಕ್ ಒತ್ತಿದ್ದರಿಂದ. ಅಕ್ಷರ ದುಂಡಗೆ ಬಂದಿತ್ತು. ನಿಜ ಬರೆದಿದ್ದರೆ ಕಲಿಸುವ ಪರವಾನಗಿ ಹೋಗುತ್ತಿತ್ತು, ಕೆಲಸ ಹೋಗುತ್ತಿತ್ತು, ರಸ್ತೆಯಲ್ಲಿ ಮೇಷ್ಟ್ರೇ ಎಂದು ಏಳುವ ಕೈಗಳೆಲ್ಲ ಕೆಳಗಿಳಿಯುತ್ತಿದ್ದವು. ಎರಡು ವಾರ ಕಳೆದು ಅವಳು ಕೈಗೆ ಜೋಳಿಗೆ ಕಟ್ಟಿಕೊಂಡು ಸ್ಕೂಲಿಗೆ ಬಂದು, ನನ್ನಿಂದ ನಿಮ್ಮ ಹೆಸರು ಕೆಟ್ಟಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಇಡೀ ದಿನ ಕೂತು ನಿಮಗೆ ಬೆನ್ನುನೋವು ಅಂದಿದ್ದಿರಲ್ಲ ಎಂದು, ಮೊದಲೇ ಹೊಲಿದಿಟ್ಟಿದ್ದ ಒಂದು ಪುಟ್ಟ ದಿಂಬನ್ನೂ ಕೊಟ್ಟು ಹೋದಳು. ನೀಲಿ ಬಟ್ಟೆ, ಅಂಚಿಗೆ ಎರಡು ಸಾಲು ಹೊಲಿಗೆ. ಅದನ್ನು ಸ್ಕೂಲಿನ ಕಾರಿನಲ್ಲಿಡಲು ಅವನಿಗೆ ಮನಸ್ಸಾಗಲಿಲ್ಲ, ಎಸೆಯಲೂ ಆಗಲಿಲ್ಲ. ಮನೆಯ ಕಾರಿನ ಎಡಗಡೆಯ ಸೀಟಿನಲ್ಲಿ ಬಿದ್ದಿತ್ತು.

ಹೆಂಡತಿಗೆ ಎಷ್ಟು ಗೊತ್ತು? ಗುಮಾಸ್ತರು ಬಲಕ್ಕೆ ತಿರುಗಿಸುವಾಗ, ಇಂಡಿಕೇಟರು ಎಂದು ಅವನ ಬಾಯಿ ತಾನಾಗಿ ಹೇಳುವಾಗ, ಒಳಗೆ ಈ ಪ್ರಶ್ನೆಯೇ ಸುತ್ತುತ್ತಿತ್ತು. ಅವಳು ಆ ಬೇರೆ ಸ್ಕೂಲಿಗೆ ಹೋಗುತ್ತಿದ್ದ ಸುದ್ದಿ ತಿಳಿದ ಮೇಲೆ ಒಂದು ಸಂಜೆ, ತರಕಾರಿ ಹೆಚ್ಚುತ್ತಾ ಕೇಳಿದ್ದಳು: "ಮೇಷ್ಟ್ರು ಬ್ರೇಕ್ ಹಾಕಿದ್ರೆ ನಮ್ಮ ಕಾಲ ಕೆಳಗಿನ ಪೆಡಲೂ ಹೋಗುತ್ತಲ್ಲ ರೀ, ನಿಮ್ಮ ಕಾರಲ್ಲೂ ಹಾಗೇನಾ?" ಅವನು ಹೂಂ ಎಂದು ಪತ್ರಿಕೆಯ ಹಾಳೆ ತಿರುಗಿಸಿದ್ದ. ಹೆಚ್ಚುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನಿಂತಿತ್ತೋ ಇಲ್ಲವೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವನದು. ಯಾರೂ ಕಳ್ಳ ಅನ್ನದಿದ್ದರೂ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುತ್ತಿದ್ದ. ನಿನ್ನೆ ನಾಲ್ಕನೇ ಹಾಳೆಯನ್ನು ಅವಳು ನೋಡಿಬಿಟ್ಟಿದ್ದಳು. ಅದರಲ್ಲಿ ಅವನು ಹದಿನಾರನೇ ಕಿಲೋಮೀಟರಿನಲ್ಲೇ ಎಡಕ್ಕೆ ಹೊರಳಿ, ಹಳೇ ರಸ್ತೆಯಲ್ಲಿ ಇಟ್ಟಿಗೆ ಗೂಡುಗಳ ನಡುವೆ ಹಾದು ಹೋಗುವಂತೆ ಬರೆದಿದ್ದ. ಇದ್ಯಾಕೆ ಸುತ್ತು ಬಳಸಿ ಎಂದು ಅವಳು ಕೇಳಿದಳು. ಟೇಲರಮ್ಮನಿಗೆ ಆ ಜಾಗ ನೋಡಿದರೆ ಹೆದರಿಕೆಯಾಗಬಹುದು ಎಂದ. ಎಷ್ಟು ಒಳ್ಳೆಯ ಮನುಷ್ಯನ ಮಾತು. ಅವಳು ಅಲ್ಲೇ ನಿಂತು ಟೇಲರಮ್ಮನಿಗೆ ಫೋನು ಮಾಡಿದಳು, ಅವನ ಎದುರೇ, ಕೇಳಿದಳು, ಹೂಂ ಹೂಂ ಎಂದಳು, ಫೋನಿಟ್ಟಳು. "ಅಲ್ಲಿಂದಾನೇ ಹೋಗೋಣ ಅಂತಿದ್ದಾರೆ. ಒಂದ್ಸಲ ಆ ಜಾಗ ದಾಟಿಬಿಟ್ರೆ ಸಾಕಂತೆ ಅವರಿಗೆ."

ಸಂಜೆ ಐದಕ್ಕೆ ಅವನು ಮನೆಗೆ ಬಂದಾಗ ಟೇಲರಮ್ಮ ಮುಂದಿನ ಕೋಣೆಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಎಕ್ಸ್‌ರೇ ಇದ್ದ ದೊಡ್ಡ ಲಕೋಟೆ, ಅದರ ಮೇಲೆ ಬಲಗೈ, ಅದು ತನ್ನದಲ್ಲವೆಂಬಂತೆ. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅವನನ್ನು ಕಂಡು ಏಳಹೋದಳು, ಅವನು ಕೂರಿ ಕೂರಿ ಎಂದ. ಹೆಂಡತಿ ಒಳಗಿನಿಂದ ಬೀಗದ ಕೈ ಹಿಡಿದು ಬಂದಳು. ನಾಳೆ ಮೊದಲ ಸಲ ಅಲ್ಲಿ ಹೋಗಿ ತಡಬಡಾಯಿಸುವುದು ಬೇಡ, ಬೆಳಕಿರುವಾಗಲೇ ಆ ಸೇರುವ ಜಾಗದವರೆಗೆ ಒಂದು ಸುತ್ತು ಹೋಗಿ ಬರೋಣ, ಮುಂದಿನ ಬಂಕಿನಲ್ಲಿ ಟೈರಿಗೆ ಗಾಳಿಯೂ ಹಿಡಿಸಿದ ಹಾಗಾಗುತ್ತದೆ ಎಂದಳು. ಒಂದೇ ಕಲ್ಲಿಗೆ ಎರಡು ಹಕ್ಕಿ. ಅವನು ಸುಸ್ತು ಎನ್ನಬಹುದಿತ್ತು, ತಲೆನೋವು ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷ ರಸ್ತೆಯಲ್ಲೇ ಸವೆದ ಮೇಷ್ಟ್ರು ಹೆಂಡತಿ ಕಾರು ತೆಗೆದ ದಿನ ತಲೆನೋವು ಎಂದು ಮಲಗಿದರೆ ಕೇಳಿದವರು ಏನೆಂದುಕೊಂಡಾರು. ನಡೀರಿ ಎಂದ.

ಮನೆಯ ಕಾರಿನ ಎಡಗಡೆಯ ಸೀಟಿನಲ್ಲಿ ಅವನು ಕೂತದ್ದೇ ಅಪರೂಪ. ಅಲ್ಲಿ ಕಾಲ ಬುಡದಲ್ಲಿ ಏನೂ ಇರಲಿಲ್ಲ, ಒಂದು ರಬ್ಬರು ಮ್ಯಾಟು ಮಾತ್ರ. ಬೆನ್ನಿಗೆ ದಿಂಬು ಒತ್ತುತ್ತಿತ್ತು, ಸರಿಸಲು ಮನಸ್ಸು ಬರಲಿಲ್ಲ, ಹಿಂದೆ ಕೂತವಳು ನೋಡುತ್ತಿರಬಹುದು. ಹೆಂಡತಿ ಸೀಟು ಮುಂದೆಳೆದುಕೊಂಡಳು, ಕನ್ನಡಿ ಸರಿ ಮಾಡಿಕೊಂಡಳು, ಹೊರಟಳು. ಚೆನ್ನಾಗಿ ಓಡಿಸುತ್ತಿದ್ದಳು. ಇದು ಅವನಿಗೆ ಎರಡನೇ ತಿರುವಿನಲ್ಲೇ ಗೊತ್ತಾಯಿತು, ಗೊತ್ತಾದದ್ದೇ ಚುಚ್ಚಿತು. ಬಣ್ಣ ಬಳಿಯದ ಉಬ್ಬನ್ನು ಅವನ ಹಾಳೆ ಹೇಳುವ ಮೊದಲೇ ಕಂಡು ಎರಡನೇ ಗೇರಿಗೆ ಇಳಿದಳು. ಶಾಲೆಯ ಹತ್ತಿರ ಯಾರೂ ಅಡ್ಡ ಬರಲಿಲ್ಲ. ಹಿಂದಿನಿಂದ ಟೇಲರಮ್ಮ ಏನೋ ಹೇಳಿ ಇಬ್ಬರೂ ಹೆಂಗಸರು ನಕ್ಕರು, ಅವನಿಗೆ ಕೇಳಿಸಲಿಲ್ಲ. ಹನ್ನೊಂದು ವರ್ಷದ ಹಿಂದಿನ ಆ ಬಸ್‌ಸ್ಟಾಪನ್ನು ದಾಟಿದರು. ಅದಕ್ಕೆ ಈಗ ಹೊಸ ಸೂರು ಹಾಕಿದ್ದರು. ಅವಳು ಆ ಕಡೆ ನೋಡಲಿಲ್ಲ, ನೋಡಿದ್ದು ಅವನು. ಹದಿನೈದು, ಹದಿನಾರು. ಹಳೇ ರಸ್ತೆಯ ತಿರುವು ಎಡಕ್ಕೆ ಬಂತು, ಹೋಯಿತು. ಹಿಂದೆ ಲಕೋಟೆ ಒಮ್ಮೆ ಸರಕ್ಕೆಂದಿತು.

ರಸ್ತೆ ಓರೆಯಾಗಿ ಏರಿ ಹೆದ್ದಾರಿಯನ್ನು ಮುಟ್ಟುವ ಜಾಗ. ರಸ್ತೆ ಬದಿಯ ಆ ಕಲ್ಲು ಇನ್ನೂ ಅಲ್ಲೇ ಇತ್ತು. ಹೆಂಡತಿ ಕನ್ನಡಿ ನೋಡಿದಳು, ತಲೆ ಹೊರಳಿಸಿ ಮತ್ತೊಮ್ಮೆ ನೋಡಿದಳು, ವೇಗ ಹೆಚ್ಚಿಸಿದಳು. ಅವನ ಕಡೆಯ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಕತ್ತು ಹೊರಳಿಸಿದ. ಹಿಂದಿನ ಗಾಜಿನ ತುಂಬ ಲಾರಿಯ ಮೂತಿಯೇ ಕಂಡ ಹಾಗಾಯಿತು. ದೂರವಿತ್ತು. ಬೇಕಾದಷ್ಟು ದೂರವಿತ್ತು, ತಲೆಗೆ ಅದು ಗೊತ್ತಿತ್ತು, ಕಲಿಯುವವರಿಗೆ ಇಷ್ಟಿದ್ದರೆ ಧಾರಾಳ ಎಂದು ಅವನೇ ಹೇಳಿಕೊಡುವಷ್ಟು. ಕಾಲಿಗೆ ಗೊತ್ತಿರಲಿಲ್ಲ. ಬಲಗಾಲು ಎದ್ದು, ಧಡ್ಡೆಂದು, ಇಡೀ ಮೈಯ ಭಾರ ಹಾಕಿ ಮ್ಯಾಟನ್ನು ಒದೆಯಿತು. ಅಲ್ಲಿ ಪೆಡಲಿರಲಿಲ್ಲ, ತಗಡು ದಡಬಡಿಸಿತು ಅಷ್ಟೆ. ಕಾರು ನಿಲ್ಲಲಿಲ್ಲ. ಮೆತ್ತಗೆ ಹೆದ್ದಾರಿಗೆ ಸೇರಿ ತನ್ನ ಪಾಡಿಗೆ ತಾನು ಓಡಿತು. ಲಾರಿ ಅದರ ಪಾಡಿಗೆ ಹಿಂದೆ ಬಂತು. ಯಾರಿಗೂ ಏನೂ ಆಗಲಿಲ್ಲ. ಅವತ್ತೂ ಯಾರಿಗೂ ಏನೂ ಆಗಬೇಕಿರಲಿಲ್ಲ.

ಬಂಕು ಬಂತು. ಹೆಂಡತಿ ಕಾರು ನಿಲ್ಲಿಸಿ, ಅವನತ್ತ ಒಮ್ಮೆ ನೋಡಿ, ಗಾಳಿ ಹಿಡಿಯುವವರನ್ನು ಕರೆಯಲು ಇಳಿದು ಹೋದಳು. ಅಲ್ಲಿಂದಲೇ ಕೂಗಿದ್ದರೆ ಸಾಕಿತ್ತು. ಕಾರಿನಲ್ಲಿ ಅವನೂ ಟೇಲರಮ್ಮನೂ ಉಳಿದರು.

"ಮೇಷ್ಟ್ರೇ," ಎಂದಳು ಟೇಲರಮ್ಮ, "ಅವತ್ತೂ ನಿಮ್ಮ ಕಡೆಯಿಂದ ಹೀಗೇ ಧಡ್ ಅಂತ ಸದ್ದು ಬಂತು. ಮೊದಲು ಸದ್ದು. ಆಮೇಲೆ ನನ್ನ ಕಾಲು ಕೆಳಗೆ ಹೋಯ್ತು."

ಮ್ಯಾಟು ಜಾರಿತು, ಕಾಲು ಜೋಮು ಹಿಡಿದಿತ್ತು, ಅಭ್ಯಾಸಬಲ ನೋಡಿ. ಮೂರು ಸುಳ್ಳು ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವನು ತಿರುಗಿ ನೋಡಲಿಲ್ಲ. ಎದುರಿನ ಗಾಜಿನಾಚೆ ಹೆಂಡತಿ ಬೆನ್ನು ಮಾಡಿ ನಿಂತಿದ್ದಳು, ಬೇಕೆಂದೇ ನಿಂತ ಹಾಗೆ.

"ನನ್ನ ಕಾಲಲ್ಲ ಅಲ್ವಾ ಅದು?"

"ಅಲ್ಲ," ಎಂದ. "ನಿಮ್ಮ ಕಾಲು ಸುಮ್ನೆ ಅದರ ಮೇಲಿತ್ತು. ಒದ್ದಿದ್ದು ನಾನು." ಹೇಳಿದ ಮೇಲೆ ಹಗುರಾಗುತ್ತದೆ ಎಂದು ಎಲ್ಲೋ ಓದಿದ್ದ. ಹಗುರೇನೂ ಆಗಲಿಲ್ಲ, ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಅವಳು ಅಳುತ್ತಾಳೆ ಎಂದುಕೊಂಡಿದ್ದ, ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬಟ್ಟೆಯ ಅಳತೆ ಹೇಳುವ ದನಿಯಲ್ಲಿ ಹೇಳಿದಳು: "ಆರು ತಿಂಗಳಿಂದ ನಾನು ಮಿಷನ್ ಮೇಲೆ ಕಾಲಿಟ್ಟಿಲ್ಲ. ಎಲ್ಲ ಕೈನೋವಿಗೆ ಅಂದ್ಕೊಂಡಿದ್ದಾರೆ. ಕತ್ತರಿ ಹಿಡಿಯೋಕೆ ಆಗಲ್ಲ, ನಿಜ. ಬಟ್ಟೆ ತಳ್ಳೋಕೆ ಈ ಕೈ ಸಾಕಿತ್ತು ಮೇಷ್ಟ್ರೇ. ಕಾಲನ್ನ ನಂಬೋಕೆ ಆಗ್ಲಿಲ್ಲ ನನಗೆ. ನಾನು ಹೇಳ್ದೇನೆ ಹೋಗೋ ಕಾಲು ಅಂತ."

ಅವನಿಗೆ ಕೈಯ ವಿಷಯ ಮಾತ್ರ ಗೊತ್ತಿತ್ತು. ಆರು ತಿಂಗಳು ಅವನು ಆ ಕೈಯೊಂದನ್ನೇ ಲೆಕ್ಕಕ್ಕೆ ಹಿಡಿದು, ಮೂಳೆ ಕೂಡುತ್ತದೆ, ಇವತ್ತಲ್ಲ ನಾಳೆ ಕೂಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಕಾಲನ್ನೂ ಮುರಿದಿದ್ದೇನೆಂದು ಅವನಿಗೆ ಹೊಳೆದೇ ಇರಲಿಲ್ಲ. ತಪ್ಪಾಯಿತು ಎಂದ.

"ಬಾಯಲ್ಲಿ ಬೇಡ," ಎಂದಳು. "ನೀವು ಸ್ಕೂಲಲ್ಲಿ ಬರ್ದು ಕೊಟ್ಟಿದೀರಲ್ಲ, ಇದನ್ನೂ ಬರ್ದು ಕೊಡಿ."

ಜೇಬಿನಲ್ಲಿ ಕಾಗದ ಅದೊಂದೇ ಇತ್ತು. ತೊಡೆಯ ಮೇಲಿಟ್ಟು ಬಿಡಿಸಿದ. ಆರು ನಲವತ್ತಕ್ಕೆ ಮನೆ ಬಿಡುವುದು. ಹನ್ನೊಂದರಲ್ಲಿ ಶಾಲೆ. ಹತ್ತೊಂಬತ್ತರ ಮುಂದೆ ಎರಡು ಬೆರಳಗಲ ಜಾಗ ಕಾದುಕೊಂಡು ಕೂತಿತ್ತು. ಅಲ್ಲಿ ಲಾರಿ ಗುದ್ದಿದ ದಿನದ ತಾರೀಖು ಹಾಕಿ ಬರೆದ: ಇಲ್ಲಿ ಬ್ರೇಕ್ ಒತ್ತಿದ್ದು ಕಲಿಯುವವರಲ್ಲ, ನಾನು. ಅಕ್ಷರ ದುಂಡಗೆ ಬರಲಿಲ್ಲ. ಸಹಿ ಮಾಡಿ ಹಿಂದಕ್ಕೆ ಚಾಚಿದ. ಅವಳು ಎಡಗೈಯಲ್ಲಿ ತೆಗೆದುಕೊಂಡು, ಒಂದೊಂದೇ ಪದ ಓದಿ, ನಾಲ್ಕಾಗಿ ಮಡಚಿ ಎಕ್ಸ್‌ರೇ ಲಕೋಟೆಯೊಳಗೆ ಹಾಕಿದಳು. ಸೋಮವಾರ ಯಜಮಾನರ ಹತ್ತಿರ ಹೋಗುತ್ತೇನೆ ಎಂದಳು. ಬೆದರಿಕೆಯಂತಿರಲಿಲ್ಲ, ಬಟ್ಟೆ ಯಾವತ್ತು ಸಿದ್ಧವಾಗುತ್ತದೆ ಎಂದು ತಿಳಿಸಿದ ಹಾಗಿತ್ತು.

ಹೆಂಡತಿ ಬಂದು ಬಾಗಿಲು ತೆರೆದಳು. ನಾಲ್ಕಕ್ಕೂ ಗಾಳಿ ಸರಿಯಾಗಿದೆ ಎಂದಳು. ಇಬ್ಬರ ಮುಖವನ್ನೂ ನೋಡಿದಳು. ಬೀಗದ ಕೈ ಹಿಡಿದಿದ್ದ ಬೆರಳು ಸಡಿಲಾದದ್ದು ಅವನಿಗೆ ಕಂಡಿತು. ಗೊತ್ತಿತ್ತು ಇವಳಿಗೆ ಎಂದುಕೊಂಡ. ತರಕಾರಿ ಹೆಚ್ಚಿದ ಆ ಸಂಜೆಯಿಂದಲೂ ಗೊತ್ತಿತ್ತು, ಅವನಾಗಿಯೇ ಹೇಳಲಿ ಎಂದು ಎರಡು ತಿಂಗಳಿಗೂ ಮೇಲೆ ಕಾದು, ಕೊನೆಗೆ ಪ್ರಯಾಣ ಗೊತ್ತು ಮಾಡಿದಳು.

"ನಾನು ಮುಂದೆ ಕೂತ್ಕೊಳ್ತೀನಮ್ಮಾ," ಎಂದಳು ಟೇಲರಮ್ಮ. "ಈಗ್ಲೂ, ನಾಳೇನೂ. ರಸ್ತೆ ಕಾಣ್ಬೇಕು ನನಗೆ."

ಅವನು ಇಳಿದ. ಯಾರೂ ಇಳಿ ಎಂದಿರಲಿಲ್ಲ. ಬಂಕಿನಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳವರು ಸುಮ್ಮನೆ ನೋಡುತ್ತಿದ್ದರು. ಅವರಿಗೆ ನೋಡಲು ಬೇರೇನೂ ಇರಲಿಲ್ಲ. ಟೇಲರಮ್ಮ ಮುಂದೆ ಬಂದು, ಸೀಟಿನ ಮೇಲಿದ್ದ ನೀಲಿ ದಿಂಬನ್ನು ಎತ್ತಿ, ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ತನ್ನ ಬೆನ್ನಿಗೆ ಇಟ್ಟುಕೊಂಡಳು. ಅವನು ಹಿಂದಿನ ಬಾಗಿಲು ತೆರೆದು ಕೂತ. ಕಾರು ತಿರುಗಿ ಮತ್ತೆ ಹೆದ್ದಾರಿಗೆ ಬಂತು. ಎರಡು ತಲೆಗಳ ನಡುವೆ ರಸ್ತೆ ಸಣ್ಣಗೆ ಕಾಣುತ್ತಿತ್ತು, ಕನ್ನಡಿ ಅವನಿಗೆ ಸಿಗುತ್ತಿರಲಿಲ್ಲ. ಮುಂದೆ ಟೇಲರಮ್ಮನ ಬಲಗಾಲು ರಬ್ಬರು ಮ್ಯಾಟಿನ ಮೇಲೆ ಮೆಲ್ಲಗೆ ಏಳುತ್ತಾ ಇಳಿಯುತ್ತಾ ಏನನ್ನೋ ತುಳಿಯುತ್ತಿತ್ತು. ಅವನು ತನ್ನ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ಎಳೆದು ಸೀಟಿನ ಕೆಳಗೆ ಸೇರಿಸಿಕೊಂಡ.